ಓಕೆಯ ಅರ್ಥ ಕೇಳಿ ಕೆಟ್ಟವನು

ರಜೆ ಅರ್ಜಿಯ ಮೇಲೆ ಮ್ಯಾನೇಜರು ‘ಓಕೆ’ ಎಂದು ಗೀಚಿದ ಕೂಡಲೇ ಟಪಾಲು ಗುಮಾಸ್ತ ಬಾಯಿ ಮುಚ್ಚಿಕೊಂಡು ಎದುರಿನ ಸ್ಟೇಷನ್ನಿಗೆ ಓಡಬೇಕಿತ್ತು. ಹೆಂಡತಿ ಅಲ್ಲಿ ಪೆಟ್ಟಿಗೆ ಹಿಡಿದು ಕಾದಿದ್ದಳು. ಸಮುದ್ರ ನೋಡುವ ಪ್ರವಾಸ ಆಗಲೇ ಎರಡು ಸಲ ತಪ್ಪಿತ್ತು. ಇದೂ ತಪ್ಪಿದರೆ ನೆಟ್ಟಗೆ ತವರಿಗೆ ಹೋಗುತ್ತೇನೆಂದು ಬೆಳಗ್ಗೆಯೇ ಹೇಳಿದ್ದಳು. ಆದರೆ ಗ್ರಹಚಾರ ಸುಮ್ಮನಿರಬೇಕಲ್ಲ! ಬಾಗಿಲ ಬಳಿ ನಿಂತು, “ಅಲ್ರೀ, ಈ ಓಕೆ ಅಂದ್ರೆ ಪೂರ್ತಿ ಏನು?” ಎಂದು ಕೇಳಿಬಿಟ್ಟ.

ಇಡೀ ಆಫೀಸು ಪೆನ್ನು ಕೆಳಗಿಟ್ಟಿತು.

“ಯಾರೋ ತಂತಿ ಕಳಿಸೋನ ಇನಿಷಿಯಲ್ಲು,” ಎಂದರು ಲೆಕ್ಕಿಗರು.

“ಸುಳ್ಳು! ಚುನಾವಣೆಗೆ ನಿಂತವನೊಬ್ಬನ ಅಡ್ಡಹೆಸರು,” ಎಂದರು ಟೈಪಿಸ್ಟಮ್ಮ.

“ನೀವು ಹೋಗಿ ನೋಡಿದ್ರಾ?” ಲೆಕ್ಕಿಗರು ಎದ್ದೇ ನಿಂತರು. ಗುಮಾಸ್ತ ಮೆಲ್ಲಗೆ ಜಾರಿಕೊಳ್ಳಲು ನೋಡಿದ. ಟೈಪಿಸ್ಟಮ್ಮ ಅವನ ಕೈಯಿಂದ ಅರ್ಜಿ ಕಿತ್ತುಕೊಂಡು, “ಬರ್ದವರನ್ನೇ ಕೇಳೋಣ ಬನ್ನಿ,” ಎಂದು ಮ್ಯಾನೇಜರ ಕೋಣೆಗೆ ನುಗ್ಗಿದರು. ಹಸುವಿನ ಹಿಂದೆ ಕರು ಓಡುವಂತೆ ಅರ್ಜಿಯ ಹಿಂದೆ ಅವನೂ ಓಡಿದ.

ಮ್ಯಾನೇಜರ ಮುಖ ಪೆಚ್ಚಾಯಿತು. ಆ ಕುರ್ಚಿಗೆ ಬಂದಂದಿನಿಂದ, ಕಂಡ ಕಾಗದಕ್ಕೆಲ್ಲ ಕಣ್ಣು ಮುಚ್ಚಿ ಓಕೆ ಬರೆದವರು ಅವರು. ಅರ್ಥ ಗೊತ್ತಿಲ್ಲವೆಂದರೆ ಮರ್ಯಾದೆ ಉಳಿಯುತ್ತದೆಯೇ? ಕಪಾಟಿನಿಂದ ದಪ್ಪ ನಿಘಂಟು ಇಳಿಸಿ, ಧೂಳು ಕೊಡವಿ, ನಿಧಾನವಾಗಿ ಹಾಳೆ ಮಗುಚಿದರು. ಅತ್ತ ರೈಲಿನ ಹೊತ್ತು ಹತ್ತಿರವಾಗುತ್ತಿತ್ತು.

“ಸಿಕ್ತು! ‘ಆಲ್ ಕರೆಕ್ಟ್’ ಅನ್ನೋದನ್ನ ಹಿಂದೆ ಪತ್ರಿಕೆಯವರು ತಮಾಷೆಗೆ ಓ, ಕೆ ಅಕ್ಷರ ಹಾಕಿ ‘ಓಲ್ ಕೊರೆಕ್ಟ್’ ಅಂತ ತಪ್ಪುತಪ್ಪಾಗಿ ಬರೀತಿದ್ರಂತೆ. ಅದರ ಮೊದಲಕ್ಷರಗಳು. ಅಂದ್ರೆ, ಎಲ್ಲಾ ಸರಿಯಾಗಿದೆ ಅಂತ.”

“ತುಂಬಾ ಸಂತೋಷ ಸಾರ್, ನಾನಿನ್ನು ಬರ್ಲಾ?” ಗುಮಾಸ್ತ ಅರ್ಜಿಗೆ ಕೈಚಾಚಿದ.

“ತಾಳ್ರೀ. ಎಲ್ಲಾ ಸರಿಯಾಗಿದೆ ಅಂತ ಬರ್ದಮೇಲೆ, ಸರಿಯಾಗಿದ್ಯಾ ಅಂತ ಒಂದ್ಸಲ ನೋಡ್ಬೇಡ್ವಾ?” ಮ್ಯಾನೇಜರು ಕನ್ನಡಕ ಏರಿಸಿ, ಜೀವಮಾನದಲ್ಲೇ ಮೊದಲ ಬಾರಿಗೆ ಒಂದು ರಜೆ ಅರ್ಜಿಯನ್ನು ಓದತೊಡಗಿದರು.

ಗುಮಾಸ್ತ ಅರ್ಜಿಯ ತುದಿ ಹಿಡಿದು ಎಳೆದುಕೊಳ್ಳಲು ನೋಡಿದ. ಹೇಗೂ ಯಾರೂ ಓದುವುದಿಲ್ಲವೆಂಬ ಧೈರ್ಯದಲ್ಲಿ, ಕೆಲಸಕ್ಕೆ ಸೇರಿದ ವರ್ಷ ಬರೆದ ಅರ್ಜಿಯನ್ನೇ ತಾರೀಖು ಬದಲಿಸಿ ಪ್ರತಿಸಲವೂ ನಕಲು ಮಾಡುತ್ತ ಬಂದಿದ್ದ ಪುಣ್ಯಾತ್ಮ. ಇಷ್ಟರಲ್ಲಿ, ಕಾದು ಸಾಕಾಗಿ ಹುಡುಕಿಕೊಂಡು ಬಂದ ಹೆಂಡತಿ ಬಾಗಿಲಲ್ಲಿ ನಿಂತದ್ದನ್ನು ಯಾರೂ ಗಮನಿಸಲಿಲ್ಲ.

“‘ನಾಳೆ ನನ್ನ ಮದುವೆ ಇರುವುದರಿಂದ...’” ಮ್ಯಾನೇಜರು ಗಟ್ಟಿಯಾಗಿ ಓದಿ, ಮುಖವರಳಿಸಿ ಅವನ ಕೈ ಕುಲುಕಿದರು. “ಏನ್ರೀ ಇದು, ಒಂದು ಮಾತೂ ಹೇಳ್ಲಿಲ್ಲ! ನಾಲ್ಕು ದಿನ ಯಾಕೆ, ಒಂದು ವಾರ ತಗೊಳ್ಳಿ!”

ಪೆಟ್ಟಿಗೆ ದಢಾರನೆ ನೆಲಕ್ಕೆ ಬಿತ್ತು.

“ಹುಡುಗಿ ಯಾರು?” ಎಂದಳು ಹೆಂಡತಿ.