ಮಾವ ಮೂಸದ ಎಣ್ಣೆ

ನನ್ನ ಸೋದರಮಾವನ ಮೂಗಿಗೆ ನಮ್ಮ ಬಳಗದಲ್ಲಿ ಇರುವಷ್ಟು ಅಧಿಕಾರ ತಹಸೀಲ್ದಾರರಿಗೂ ಇಲ್ಲ ಎಂದರೆ ನೀವು ನಗಬಹುದು. ನಗಿ, ಆದರೆ ಅವನ ಎದುರಿಗೆ ಮಾತ್ರ ಬೇಡ!

ಜಗಳೂರಿನಲ್ಲಿ ಅರ್ಧ ಆಯುಷ್ಯ ಶೇಂಗಾ ಎಣ್ಣೆಯ ಗಿರಣಿ ನಡೆಸಿದವನು ಈ ಮಾವ. ಗಿರಣಿ ಈಗ ಇಲ್ಲ, ಮೂಗು ಉಳಿದಿದೆ. ಚನ್ನಗಿರಿಯಲ್ಲಾಗಲಿ ಹೊನ್ನಾಳಿಯಲ್ಲಾಗಲಿ, ನಮ್ಮವರ ಮದುವೆಯಲ್ಲಿ ಬಾಣಲೆ ಒಲೆಗೇರುವ ಮೊದಲು ಮಾವ ಒಂದು ತೊಟ್ಟು ಎಣ್ಣೆಯನ್ನು ಮುಂಗೈ ಮೇಲೆ ಬಿಟ್ಟುಕೊಂಡು, ಉಜ್ಜಿ, ಕಣ್ಣು ಮುಚ್ಚಿ ಮೂಸಿ, "ಹಾಕ್ರಿ" ಅನ್ನಬೇಕು. ಹಪ್ಪಳ ಕರಿಯುವುದು ಆಮೇಲೆಯೇ. ಗೋವಿನಕೋವಿಯ ನಮ್ಮ ಚಿಕ್ಕಮ್ಮನಂತೂ ದೇವರ ದೀಪದ ಎಣ್ಣೆಯನ್ನೂ ಪುಟ್ಟ ಶೀಷೆಯಲ್ಲಿ ತುಂಬಿ, ಜಗಳೂರಿಗೆ ಹೋಗುವವರ ಕೈಯಲ್ಲಿ ಕಳಿಸುತ್ತಾಳೆ. ಎಣ್ಣೆ ಮೂಸಲು ಕರೆಯದ ಮನೆಯ ಮದುವೆಗೆ ಮಾವ ಹೋಗುವುದಿಲ್ಲ. ಕರೆದರೆ ಹಿಂದಿನ ದಿನವೇ ಹಾಜರು. ಆ ಕರೆಯೊಂದೇ ಅವನಿಗೆ ಉಳಿದಿರುವ ಕಸುಬು.

ಒಮ್ಮೆ ಚನ್ನಗಿರಿಯ ಮದುವೆಯೊಂದರಲ್ಲಿ ಡಬ್ಬಿಯ ಮುಚ್ಚಳ ತೆಗೆಯುವ ಮೊದಲೇ ಬಾಗಿಲಲ್ಲಿ ನಿಂತು, ಇದರಲ್ಲಿ ಪಾಮಾಯಿಲ್ ಬೆರೆತಿದೆ ಎಂದುಬಿಟ್ಟ. ಅಡುಗೆ ಭಟ್ಟರು ಆಣೆ ಪ್ರಮಾಣ ಮಾಡಿದರು. ಕೊನೆಗೆ ಒಪ್ಪಿಕೊಂಡರು ಅನ್ನಿ! ಈಚೆಗೆ ಮಾತ್ರ ಮಾವ ಯಾವ ಎಣ್ಣೆಗೂ ತಕರಾರು ತೆಗೆಯುತ್ತಿರಲಿಲ್ಲ. ವಯಸ್ಸಾಯಿತು, ಮೆತ್ತಗಾಗಿದ್ದಾನೆ ಎಂದುಕೊಂಡಿದ್ದೆವು.

ಹೀಗಿರುವಾಗ ಹೊನ್ನಾಳಿಯಲ್ಲಿ ನಾನೊಂದು ಹೊಸ ಕಾರು ಕೊಂಡೆ. ಎಂಜಿನ್ ಆಯಿಲ್ ಬದಲಿಸುವ ಸಮಯ ಬಂತು ಎಂದು ಫೋನಿನಲ್ಲಿ ಬಾಯಿ ತಪ್ಪಿ ಅಂದೆ ನೋಡಿ, ಮರುದಿನ ಬೆಳಿಗ್ಗೆ ಮಾವ ಬಸ್ಸಿನಿಂದ ಇಳಿದ. ಕಾರಿನ ಎಣ್ಣೆಯೂ ಎಣ್ಣೆಯೇ ತಾನೆ? ತಾನು ಮೂಸದ ಎಣ್ಣೆ ಅಕ್ಕನ ಮಗನ ಕಾರಿನ ಹೊಟ್ಟೆಗೆ ಹೋಗುವುದೆಂದರೇನು!

ನ್ಯಾಮತಿ ರಸ್ತೆಯ ಗ್ಯಾರೇಜಿಗೆ ಹೋದೆವು. ಗ್ಯಾರೇಜಿನ ಸಾಹೇಬರು ಕಾರಿನ ಕಂಪನಿಯವರು ಹೇಳಿದ ಆಯಿಲ್ ಡಬ್ಬಿ ತಂದಿಟ್ಟರು. ಅದರ ಮೇಲೆ ಎಣ್ಣೆ ಎಷ್ಟು ತೆಳುವೆಂದು ತೋರಿಸುವ, ಸೊನ್ನೆಯಿಂದ ಶುರುವಾಗುವ ನಂಬರು.

"ಸೊನ್ನೆ ನಂಬರಿನ ಎಣ್ಣೆನ ಯಾರು ಹಾಕ್ತಾರ್ರೀ? ನೀರಿದ್ದಂಗೆ ಐತೆ. ಟ್ರ್ಯಾಕ್ಟರಿಗೆ ಹಾಕೋ ಗಟ್ಟಿ ಎಣ್ಣೆ ಕೊಡ್ರಿ," ಎಂದ ಮಾವ.

ಹೊಸ ಎಂಜಿನ್ನಿನಲ್ಲಿ ಎಣ್ಣೆ ಓಡಾಡುವ ಸಂದಿಗಳು ಬಲು ಸಣ್ಣವು, ಚಳಿಯಲ್ಲಿ ಸ್ಟಾರ್ಟ್ ಮಾಡಿದ ಕೂಡಲೇ ಗಟ್ಟಿ ಎಣ್ಣೆ ಅಲ್ಲಿಗೆ ಮುಟ್ಟುವುದಿಲ್ಲ ಎಂದು ಸಾಹೇಬರು ಬಿಡಿಸಿ ಹೇಳಿದರು. ಮಾವ ಹಟಮಾರಿಯಾದರೂ ನ್ಯಾಯವಂತ. ತೆಳ್ಳಗಿರಲಿ, ಆದರೆ ಮೂಸದೆ ಬಿಡೆ ಎಂದ. ಸಾಹೇಬರು ಎರಡು ಕಂಪನಿಯ ತೆಳು ಎಣ್ಣೆಯನ್ನು ಎರಡು ಮುಚ್ಚಳಗಳಲ್ಲಿ ಸುರಿದು ಬೆಂಚಿನ ಮೇಲಿಟ್ಟು, ಬೇರೆ ಗಿರಾಕಿಯನ್ನು ನೋಡಲು ಹೋದರು.

ಬೆಂಚಿನ ಮೇಲೆ ಮೂರನೆಯದೂ ಒಂದು ಮುಚ್ಚಳವಿತ್ತು. ನಟ್ಟು ಬೋಲ್ಟು ತೊಳೆಯುವ ಡೀಸೆಲ್. ಅದರ ಗಬ್ಬು ಬಾಗಿಲಲ್ಲಿ ನಿಂತ ನನ್ನ ಮೂಗಿಗೇ ಹೊಡೆಯುತ್ತಿತ್ತು. ಮಾವ ಒಂದೊಂದನ್ನೇ ಮುಂಗೈ ಮೇಲೆ ಬಿಟ್ಟುಕೊಂಡ, ಉಜ್ಜಿದ, ಕಣ್ಣು ಮುಚ್ಚಿ ಮೂಸಿದ. ಮೂರನೆಯದರ ಹತ್ತಿರ ಮುಖ ಅರಳಿತು.

"ಇದು ನೋಡು ಎಣ್ಣೆ ಅಂದ್ರೆ. ತೆಳ್ಳಗೂ ಐತೆ, ಘಮಾನೂ ಐತೆ. ಇದನ್ನೇ ಹಾಕ್ಸು."

ನಗಲು ಹೊರಟವನು ಅವನ ಅರಳಿದ ಮುಖ ನೋಡಿ ತಡೆದುಕೊಂಡೆ. ಸಾಹೇಬರು ಬಂದು ನೋಡಿ ಬಾಯಿ ತೆರೆದರು. ನಾನು ಕಣ್ಣಲ್ಲೇ ಬೇಡವೆಂದೆ. "ಸರಿ ಯಜಮಾನ್ರೆ, ಇದೇ ಹಾಕ್ತೀನಿ," ಎಂದು ಅವರು ಕಂಪನಿ ಹೇಳಿದ ಡಬ್ಬಿಯನ್ನೇ ಎತ್ತಿಕೊಂಡರು. ಅಷ್ಟರಲ್ಲಿ ಮಾವ ಮುಚ್ಚಳ ಓರೆ ಮಾಡಿದ್ದ. ತಳದಲ್ಲಿ ಎರಡು ನಟ್ಟು ಕಂಡವು. ಅವನು ಮುಚ್ಚಳವನ್ನು ಮೆಲ್ಲಗೆ ಕೆಳಗಿಟ್ಟು, ಪಂಚೆಯ ಅಂಚಿಗೆ ಕೈ ಒರೆಸಿಕೊಂಡ.

ಬಸ್‌ ಸ್ಟ್ಯಾಂಡಿನವರೆಗೆ ಕಾರಿನಲ್ಲೇ ಬಿಡಲು ಹೋದೆ. ಇಳಿಯುವಾಗ ಬಾಗಿಲು ಹಿಡಿದುಕೊಂಡೇ ಹೇಳಿದ.

"ಆ ಕೊರೊನಾ ಜ್ವರ ಬಂದು ಹೋದಾಗಿಂದ ಮೂಗಿಗೆ ಏನೂ ಗೊತ್ತಾಗವಲ್ದಪ್ಪ. ಒಗ್ಗರಣೆನೂ ಗೊತ್ತಾಗಲ್ಲ. ಹೇಳಿದ್ರೆ ಇನ್ನು ಯಾರು ಕರೀತಾರೆ ನನ್ನ?"

ಬಸ್ಸು ಹೋದ ಮೇಲೂ ಬಹಳ ಹೊತ್ತು ಅಲ್ಲೇ ಕಾರಿನಲ್ಲಿ ಕೂತಿದ್ದೆ.

ಮುಂದಿನ ಸಲ ಆಯಿಲ್ ಬದಲಿಸುವ ಹೊತ್ತಿಗೆ ನಾನೇ ಫೋನ್ ಮಾಡಿದೆ. "ಮಾವ, ಎಣ್ಣೆ ನೋಡಾಕೆ ಬರ್ಬೇಕು." ಬೆಳಗಿನ ಬಸ್ಸಿಗೇ ಬರುತ್ತೇನೆ ಎಂದ.

ಬೆಂಚಿನ ಮೇಲೆ ಈ ಸಲ ಒಂದೇ ಮುಚ್ಚಳ. ಸಾಹೇಬರು ತಾವೇ ಮಾವನ ಮುಂಗೈ ಮೇಲೆ ಒಂದು ತೊಟ್ಟು ಬಿಟ್ಟರು. ಮಾವ ನನ್ನನ್ನೊಮ್ಮೆ, ಅವರನ್ನೊಮ್ಮೆ ನೋಡಿದ. ಉಜ್ಜಿದ, ಕಣ್ಣು ಮುಚ್ಚಿ ಮೂಸಿದ. ನಾವಿಬ್ಬರೂ ಕಾಯುತ್ತಾ ನಿಂತೆವು.

"ಹಾಕ್ರಿ," ಎಂದ.

ಸಾಹೇಬರು ಆಮೇಲೆಯೇ ಡಬ್ಬಿ ಎತ್ತಿದರು.