ಮುದ್ದೆ ಬಿಟ್ಟು ತೂಕ ಇಳಿಸಹೊರಟದ್ದು

ತೂಕ ಇಳಿಸುತ್ತೇನೆಂದು ಒಬ್ಬಳು ಹಟ ಹಿಡಿದರೆ ಸಾಕು, ಸುತ್ತಲಿನವರಿಗೆ ನಗುವಿಗೆ ಬರವಿರುವುದಿಲ್ಲ. ತೊಂಬತ್ತರ ದಶಕದಲ್ಲಿ ಚಾಮರಾಜನಗರದಲ್ಲಿ ನರ್ಸಿಂಗ್ ಓದುವಾಗ ಆ ಒಬ್ಬಳು ನಾನಾಗಿದ್ದೆ.

ಮಿಷನ್ ಹತ್ತಿದ ದಿನ

ಆಹಾರ ಪೋಷಣೆಯ ಮೊದಲ ಕ್ಲಾಸಿನಲ್ಲೇ ಟೀಚರ್ ನಮ್ಮನ್ನೆಲ್ಲ ತೂಕದ ಮಿಷನ್ ಹತ್ತಿಸಿದರು. ನಾನು ಎಪ್ಪತ್ತೆರಡು ಕೆಜಿ. ನನ್ನ ರೂಮಿನವಳು, ಗುಂಡ್ಲುಪೇಟೆಯ ಹುಡುಗಿ, ಮೂವತ್ತೆಂಟು.

"ನೀನು ಇಳೀಬೇಕು, ನೀನು ಏರಬೇಕು" ಎಂದರು ಟೀಚರ್.

ಅವತ್ತಿನಿಂದ ಹಾಸ್ಟೆಲ್ಲಿನಲ್ಲಿ ನನ್ನ ಎರಡನೇ ಮುದ್ದೆ ಅವಳ ತಟ್ಟೆಗೆ ಹೋಯಿತು. ತಿಂಗಳಾದ ಮೇಲೆ ಮತ್ತೆ ತೂಗಿದರೆ ನಾನು ಎಪ್ಪತ್ತಮೂರು, ಅವಳು ಮೂವತ್ತೇಳು!

"ಇವಳ ಮುದ್ದೆಯೆಲ್ಲ ತಿಂದು ಏನ್ ಮಾಡ್ದೆ?" ಎಂದು ಟೀಚರ್ ಅವಳನ್ನು ಗದರಿದರು.

"ಮುದ್ದೆ ನಾನೇ ತಿಂದೆ ಮೇಡಂ. ನಮ್ಮವ್ವ ಕಳಿಸಿದ ಕಡ್ಲೆಕಾಯಿ ಉಂಡೆಯೆಲ್ಲ ಅವಳು ತಿಂದ್ಬುಟ್ಲು."

ಮಂಚ ಬದಲಾದದ್ದು

ನನಗೆ ಹಟ ಇನ್ನೂ ಏರಿತು. ಉಂಡೆ ಬಿಟ್ಟೆ, ಬೆಳಗಿನ ತಿಂಡಿಯನ್ನೂ ಬಿಟ್ಟೆ. "ಬೆಳಗಿನ ತಿಂಡಿ ಬಿಡಬಾರದು" ಎಂದು ಪರೀಕ್ಷೆಯಲ್ಲಿ ಬರೆದು ಪೂರ್ತಿ ಅಂಕ ತೆಗೆದವಳೂ ನಾನೇ.

ನಾಲ್ಕನೇ ದಿನ ವಾರ್ಡಿನಲ್ಲಿ, ರಕ್ತ ಕಮ್ಮಿಯಾಗಿ ಸೇರಿದ್ದ ಅಜ್ಜಿಯೊಬ್ಬರಿಗೆ "ಒಂದು ಹೊತ್ತೂ ಊಟ ಬಿಡಬಾರದು ಅಜ್ಜಿ" ಅನ್ನುತ್ತಿದ್ದಂತೆ ಕಣ್ಣಿಗೆ ಕತ್ತಲೆ ಬಂತು. ಎಚ್ಚರವಾದಾಗ ಅಜ್ಜಿಯ ಮಂಚದ ಮೇಲೆ ನಾನಿದ್ದೆ. ಅಜ್ಜಿ ಪಕ್ಕದಲ್ಲಿ ನಿಂತು, ಸೆರಗಿನಲ್ಲಿ ಗಾಳಿ ಹಾಕುತ್ತಾ, "ತಿನ್ನು ಕಣಮ್ಮಿ" ಎಂದು ತಮ್ಮ ಬನ್ನು ಮುರಿದು ಕೊಡುತ್ತಿದ್ದರು.

ರೌಂಡ್ಸಿಗೆ ಬಂದ ಡಾಕ್ಟರು ಗಾಬರಿಯಾದರು. "ಇಲ್ಲಿ ಪೇಷೆಂಟ್ ಯಾರು?"

"ನಾನೇ ಕಣಪ್ಪ. ಈ ಹೆಣ್ಮಗ ನಂಗೆ ಬುದ್ಧಿ ಯೋಳಾಕೆ ಬಂದಿತ್ತು."

ಪುಣಜನೂರಿನ ಕಡೆಯ ತಾಯಿ

ಅವತ್ತು ತೀರ್ಮಾನ ಮಾಡಿದೆ: ಬೇರೆಯವರಿಗೆ ಹೇಳುವುದನ್ನೇ ನಾನೂ ತಿನ್ನಬೇಕು. ಹೊತ್ತು ಹೊತ್ತಿಗೆ ಒಂದು ಮುದ್ದೆ, ಸೊಪ್ಪು, ಕಾಳು. ತೂಕ ಇಳಿದಷ್ಟು ಇಳಿಯಲಿ.

ವರ್ಷದ ಕೊನೆಗೆ ಪುಣಜನೂರಿನ ಕಡೆಯ ಒಂದು ಹಳ್ಳಿಗೆ ಕ್ಯಾಂಪಿಗೆ ಹೋದೆವು. ಅಲ್ಲಿ ಒಬ್ಬಾಕೆಯ ಎರಡು ವರ್ಷದ ಮಗು ತೀರಾ ಸೊರಗಿತ್ತು. ರೂಮಿನವಳು ಚಾರ್ಟ್ ಹಿಡಿದು, ಮಗುವಿಗೆ ಏನೇನು ತಿನ್ನಿಸಬೇಕೆಂದು ವಿವರಿಸಿದಳು. ಆ ತಾಯಿ ಅವಳನ್ನು ಮೇಲಿಂದ ಕೆಳಗೆ ನೋಡಿ, "ಇವಮ್ಮಂಗೇ ತಿಂದಿದ್ದು ಮೈಗೆ ಹಿಡೀನಿಲ್ವಲ್ಲ!" ಎಂದು ನನ್ನ ಕಡೆ ತಿರುಗಿದಳು. "ನೀವ್ ಏನ್ ತಿಂತೀರಿ, ಅದ್ ಯೋಳಿ."

ಎಲ್ಲರೂ ನಕ್ಕರು. ನಾನು ನಾಚಿಕೊಳ್ಳಲಿಲ್ಲ. ಅವಳ ಒಲೆ ಮುಂದೆಯೇ ಕೂತು, ರಾಗಿ ಸರಿಗೆ ಹೆಸರುಕಾಳಿನ ಹಿಟ್ಟು ಸೇರಿಸಿ ಅವಳ ಕೈಯಲ್ಲೇ ಮಾಡಿಸಿದೆ. ಆಮೇಲೆ ವಾರ ವಾರ ಬಸ್ಸು ಹತ್ತಿ ಹೋಗಿ ಮಗುವನ್ನು ತೂಗಿದೆ.

ಮೂರನೇ ತಿಂಗಳಿಗೆ ಮಗುವಿನ ಕೆನ್ನೆ ತುಂಬಿತ್ತು. ನನ್ನನ್ನು ಕಂಡು ಓಡಿ ಬಂತು. ನನಗೆ ಅಳುವೇ ಬಂತು. ತಾಯಿಯ ಮುಖದಲ್ಲಿ ಮಾತ್ರ ಏನೋ ಚಿಂತೆ.

"ಇನ್ನೇನಮ್ಮ ಯೋಚನೆ?" ಎಂದೆ.

ಅವಳು ಮಗುವನ್ನೊಮ್ಮೆ, ನನ್ನನ್ನೊಮ್ಮೆ ನೋಡಿ ಮೆಲ್ಲಗೆ ಹೇಳಿದಳು: "ಮೊಗ ಚೆನ್ನಾಗಾಯ್ತು ಸಿಸ್ಟ್ರೇ. ನಿಮ್ಮಂಗಾಗಕ್ ಮುಂಚೆ ಎಲ್ಲಿಗೆ ನಿಲ್ಸಬೇಕು ಅಂತ ಯೋಳ್ಬುಡಿ."