ಮೂವತ್ತು ಕಿಲೋ ತವರು

ಜೂನ್ ೯, ಮಧ್ಯಾಹ್ನ ೩ ಗಂಟೆ ೧೦ ನಿಮಿಷ. ಬೆಳಗಿನ ಲೋಡೆಲ್ಲ ಇಳಿದಿದೆ, ಸಂಜೆಯ ಲಾರಿ ಇನ್ನೂ ಬಂದಿಲ್ಲ. ಬರೆಯಲು ಶುರು ಮಾಡಿದ್ದೇನೆ.

ನನಗೊಂದು ಚಟವಿದೆ. ಎಲ್ಲವನ್ನೂ ಎಣಿಸಿ, ತೂಗಿ, ತಾರೀಖು ಹಾಕಿ ಬರೆದಿಡುವ ಚಟ. ನಮ್ಮ ಮನೆಯಲ್ಲಿ ಕರೆಂಟು ದಿನಕ್ಕೆ ಎಷ್ಟು ಸಲ ಹೋಯಿತು, ಅಮ್ಮ ಫೋನಿನಲ್ಲಿ "ಸರಿ, ಇಡ್ತೀನಿ" ಅಂದಮೇಲೆ ಇಡದೆ ಎಷ್ಟು ಸಲ ಮಾತು ಮುಂದುವರಿಸಿದಳು (ದಾಖಲೆ ಏಳು), ಎಲ್ಲ ನನ್ನ ನೋಟ್‌ಬುಕ್ಕಿನಲ್ಲಿದೆ. ಇಂಥವಳಿಗೆ ದೇವರು ಕೊಡಬಹುದಾದ ಅತ್ಯುತ್ತಮ ಕೆಲಸವೇ ಸಿಕ್ಕಿದೆ. ಶ್ರೀನಿವಾಸಪುರದ ಒಂದು ಮಾವಿನ ಮಂಡಿಯಲ್ಲಿ ಮೂರು ವರ್ಷದಿಂದ ಕಾಟಾ ಮುಂದೆ ಕೂತು ತೂಕ ಬರೆಯುತ್ತೇನೆ. ರೈತರು ಕಾಯಿ ತರುವುದು ಪ್ಲಾಸ್ಟಿಕ್ ಕ್ರೇಟಿನಲ್ಲಿ. ಒಂದು ಖಾಲಿ ಕ್ರೇಟಿನ ತೂಕ ಒಂದು ಕಿಲೋ ಎಂಟುನೂರು ಗ್ರಾಂ. ಬೆಳಗ್ಗೆ ಊದುಬತ್ತಿ ಹಚ್ಚಿದ ಮೇಲೆ ನಾನು ಕಾಟಾದ ಗುಂಡಿಯೊಂದನ್ನು ಒತ್ತಿಬಿಟ್ಟರೆ, ಇಡೀ ದಿನ ಅದು ಕ್ರೇಟಿನ ತೂಕವನ್ನು ತಾನೇ ಕಳೆದು ಬರೀ ಕಾಯಿಯ ತೂಕ ತೋರಿಸುತ್ತದೆ. "ನನ್ನ ಕಾಟಾ ಸುಳ್ಳು ಹೇಳಲ್ಲ" ಎಂದು ನಾನು ಈವರೆಗೆ ಎಷ್ಟು ಜನರಿಗೆ ಹೇಳಿದ್ದೇನೆ ಎಂಬುದೊಂದನ್ನು ಮಾತ್ರ ಬರೆದಿಟ್ಟಿಲ್ಲ. ಈಗ ಅದೇ ಒಳ್ಳೆಯದಾಯಿತು ಅನ್ನಿಸುತ್ತಿದೆ.

ವಿಷಯಕ್ಕೆ ಬರುತ್ತೇನೆ. ನನ್ನ ಅಕ್ಕ ಶೋಭಾ ಇರುವುದು ನಾಗಪುರದಲ್ಲಿ. ಭಾವನಿಗೆ ಅಲ್ಲಿ ರೈಲ್ವೆಯಲ್ಲಿ ಕೆಲಸ. ಚೊಚ್ಚಲ ಹೆರಿಗೆಗೆ ಮಗಳು ತವರಿಗೆ ಬರಬೇಕು ಎಂಬುದು ನಮ್ಮಲ್ಲಿ ಕೇಳುವ ಮಾತೇ ಅಲ್ಲ, ಬಂದೇ ಬರುತ್ತಾಳೆ. ಆದರೆ ಏಳನೇ ತಿಂಗಳಲ್ಲಿ ಡಾಕ್ಟರು "ಪ್ರಯಾಣ ಬೇಡ" ಎಂದುಬಿಟ್ಟರು. ಅಕ್ಕ ಫೋನಿನಲ್ಲಿ ಅತ್ತಳು, ಹನ್ನೊಂದು ನಿಮಿಷ. ಅಮ್ಮ ಅಳಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, "ಅವಳು ತವರಿಗೆ ಬರಕ್ಕಾಗಲ್ಲ ಅಂದ್ರೆ ತವರೇ ಅಲ್ಲಿಗೆ ಹೋಗ್ತದೆ, ಬಿಡು" ಅಂದಳು. ರೈಲ್ವೆಯವನ ಅತ್ತೆಗೇ ರೈಲಿನಲ್ಲಿ ಸೀಟು ಸಿಗಲಿಲ್ಲ. ಹಾಗಾಗಿ ವಿಮಾನ. ಅಪ್ಪ ತೋಟದ ಕಾವಲಿಗೆ ನಿಲ್ಲಬೇಕು. ನನಗೆ ಮಂಡಿಯ ಯಜಮಾನರು ಸೀಸನ್ನಿನ ಮಧ್ಯೆ ಗೊಣಗಿಕೊಂಡೇ ಐದು ದಿನ ರಜೆ ಕೊಟ್ಟರು. ನಾನು, ಅಮ್ಮ, ಇಬ್ಬರಿಗೂ ಮೊದಲ ವಿಮಾನ.

ಟಿಕೆಟ್ಟಿನ ಕೆಳಗೆ ಇರುವೆ ಗಾತ್ರದ ಅಕ್ಷರದಲ್ಲಿ ಒಂದು ಮಾತಿತ್ತು. ತಲೆಗೆ ಹದಿನೈದು ಕಿಲೋ ಮಾತ್ರ, ಅದಕ್ಕಿಂತ ಹೆಚ್ಚಾದರೆ ಪ್ರತಿ ಕಿಲೋಗೂ ಬೇರೆ ದುಡ್ಡು. ಕೈಚೀಲ ಏಳು ಕಿಲೋ ದಾಟಬಾರದು. ಆ ಪ್ರತಿ ಕಿಲೋ ದರವನ್ನು ಓದಿ ಹೇಳಿದಾಗ ಅಮ್ಮ, "ಅಷ್ಟು ದುಡ್ಡಾ? ಆ ರೇಟಿಗೆ ನಮ್ಮ ಬಾದಾಮಿ ಮಾವು ಯಾವನಾದ್ರೂ ತಗೊಂಡಿದ್ರೆ ನಾವೇ ವಿಮಾನ ಇಟ್ಟಿರ್ತಿದ್ವಿ ಕಣೇ" ಅಂದಳು. ಅಮ್ಮನಿಗೆ ಲಗೇಜು ಎಂದರೆ ಗೌನಿಪಲ್ಲಿ ಬಸ್ಸಿನ ಲಗೇಜು. ಅಲ್ಲಿ ಕಂಡಕ್ಟರು ಕಣ್ಣಳತೆಯಲ್ಲೇ ಮೂಟೆ ನೋಡಿ ಟಿಕೆಟ್ ಹರಿಯಲು ಕೈ ಎತ್ತುತ್ತಾನೆ, ಅಮ್ಮ ಅದನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡು "ಇದು ಲಗೇಜಾ? ಮಗು ತರ ಮಡಿಲಲ್ಲಿ ಕೂತೈತೆ ನೋಡಪ್ಪಾ" ಅನ್ನುತ್ತಾಳೆ, ಅವನು ನಕ್ಕು ಮುಂದೆ ಹೋಗುತ್ತಾನೆ. ವಿಮಾನದಲ್ಲಿ ಹೀಗೆಲ್ಲ ನಡೆಯುವುದಿಲ್ಲ ಎಂದು ನಾನು ತಿಳಿಹೇಳಿದೆ. "ಮಿಷನ್ನು ತೂಗುತ್ತೆ, ಗ್ರಾಂ ಹೆಚ್ಚಾದ್ರೂ ಬಿಡಲ್ಲ. ಆದ್ರೆ ನೀನು ಹೆದರಬೇಡ. ತೂಕದ ಜವಾಬ್ದಾರಿ ನಂದು." ಈ ಕೊನೆಯ ವಾಕ್ಯಕ್ಕೆ ಮೂವರು ಸಾಕ್ಷಿಗಳಿದ್ದಾರೆ.

ಮೇ ೮ರಿಂದ ೧೩ರವರೆಗೆ ಎರಡು ಬ್ಯಾಗುಗಳನ್ನು ಮಂಡಿಗೆ ಒಯ್ದು ಒಟ್ಟು ಹನ್ನೊಂದು ಸಲ ತೂಗಿದೆ. ಪ್ರತಿ ಸಲ ತೂಗಿ ಸರಿಮಾಡಿ ಮನೆಗೆ ತಂದರೆ ಬೆಳಗಾಗುವಷ್ಟರಲ್ಲಿ ಬ್ಯಾಗು ಬಸುರಿಯಾಗಿರುತ್ತಿತ್ತು. ಹುರಿಹಿಟ್ಟು, ತುಪ್ಪ, ಬೆಳ್ಳುಳ್ಳಿ, ಶುಂಠಿ ಪುಡಿ, ಉಪ್ಪಿನಕಾಯಿ, ಜೊತೆಗೆ ಅಕ್ಕ ಬಾಯಿಬಿಟ್ಟು ಕೇಳಿದ ನಮ್ಮ ತೋಟದ ಬಾದಾಮಿ ಇಪ್ಪತ್ತನಾಲ್ಕು. ಪಕ್ಕದ ಮನೆಯ ನಾರಾಯಣಮ್ಮತ್ತೆ ದಿನಾ ಒಂದು ಪೊಟ್ಟಣ ಹಿಡಿದು ಬಂದು, "ಇದು ಗಾಳಿ ಇದ್ದಂಗೆ, ತೂಕವೇ ಇಲ್ಲ" ಅನ್ನುತ್ತಿದ್ದಳು. ಅವಳ ಗಾಳಿ ನಾಲ್ಕು ದಿನಕ್ಕೆ ಒಂದೂವರೆ ಕಿಲೋ ಆಯಿತು. ನಾನು ಕನಿಕರವಿಲ್ಲದೆ ತೆಗೆದೆ, ಅಮ್ಮ ಕನಿಕರದಿಂದ ವಾಪಸ್ಸು ಹಾಕಿದಳು. ಒಂದನ್ನು ಮಾತ್ರ ಮುಟ್ಟಲು ಬಿಡಲಿಲ್ಲ. ಅದು ನಮ್ಮ ಸಾಣೆಕಲ್ಲು. ಅಜ್ಜಿಯ ಅತ್ತೆಯ ಕಾಲದಿಂದ ನಮ್ಮ ಮನೆಯ ಪ್ರತಿ ಕೂಸಿಗೂ ಬಜೆ, ಗಂಧ ತೇಯ್ದದ್ದು ಅದರ ಮೇಲೆಯೇ. ತೇಯ್ದು ತೇಯ್ದು ನಡುವೆ ಗುಂಡಿ ಬಿದ್ದಿದೆ. ಸವೆದುಹೋದ ಆ ಭಾಗವೆಲ್ಲ ಈಗ ನಮ್ಮ ಹೊಟ್ಟೆಗಳಲ್ಲಿದೆ ಎಂದು ಅಪ್ಪನ ಅಂಬೋಣ.

ಕೊನೆಯ ದಿನ ಅಮ್ಮನೂ ಮಂಡಿಗೆ ಬಂದಿದ್ದಳು. ಕಲ್ಲಿನ ತೂಕ ತಿಳಿಯೋಣವೆಂದು ಅದೊಂದನ್ನೇ ಕಾಟಾ ಮೇಲಿಟ್ಟೆ. ಕೆಂಪಕ್ಷರದಲ್ಲಿ ಮೈನಸ್ ನಾನೂರು ಗ್ರಾಂ ಎಂದು ಬಂತು. ಮಂಡಿಯ ಹಮಾಲಿ ಮುನಿವೆಂಕಟಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. "ಏಮಮ್ಮಾ ಭಾರತೀ, ಈ ಕಲ್ಲಿಟ್ರೆ ವಿಮಾನ ಇನ್ನೂ ಹಗುರ ಆಗ್ತೈತೆ! ಅವರೇ ನಿಂಗೆ ದುಡ್ಡು ಕೊಡ್ಬೇಕು!"

"ಇದು ದೊಡ್ಡ ಕಾಟಾ, ಸಣ್ಣಪುಟ್ಟ ತೂಕ ಹಿಡಿಯಲ್ಲ" ಎಂದು ನಾನು ಗಂಭೀರವಾಗಿ ವಿವರಿಸಿದೆ. ಅಮ್ಮ ಕಾಟಾವನ್ನೂ ನನ್ನನ್ನೂ ಒಮ್ಮೆ ನೋಡಿ ಸುಮ್ಮನಾದಳು. ಮೇ ೧೩, ಸಂಜೆ ೫.೪೦, ಕೊನೆಯ ತೂಕ: ನನ್ನ ಬ್ಯಾಗು ಹದಿನಾಲ್ಕು ಕಿಲೋ ಒಂಬೈನೂರು, ಅಮ್ಮನದು ಹದಿನಾಲ್ಕು ಕಿಲೋ ಎಂಟುನೂರು. ಕೆಳಗೆ ಎರಡು ಗೆರೆ ಎಳೆದು ಸಹಿ ಹಾಕಿದೆ.

ಮೇ ೧೪, ಬೆಳಗ್ಗೆ ೧೦.೨೫. ವಿಮಾನ ನಿಲ್ದಾಣದ ಕೌಂಟರು. ನಮ್ಮ ಮುಂದಿದ್ದವನೊಬ್ಬ ನೆಲದ ಮೇಲೆ ಬ್ಯಾಗು ಬಿಚ್ಚಿ ಪ್ಯಾಂಟಿನ ಮೇಲೆ ಪ್ಯಾಂಟು ಹಾಕಿಕೊಳ್ಳುತ್ತಿದ್ದ. ನಾನು ಅವನನ್ನು ನೋಡಿ ಮರುಕಪಟ್ಟೆ. ಎಷ್ಟೊಂದು ಜನ ಮನೆಯಲ್ಲಿ ತೂಗದೆ ಬಂದುಬಿಡುತ್ತಾರೆ! ನಮ್ಮ ಸರದಿ ಬಂತು. ಬ್ಯಾಗು ಇಟ್ಟೆವು. ಹದಿನಾರು ಕಿಲೋ ಏಳುನೂರು. ಇನ್ನೊಂದು ಹದಿನಾರು ಕಿಲೋ ಆರುನೂರು.

"ಎರಡೂ ಸೇರಿ ಮೂರು ಕಿಲೋ ಮುನ್ನೂರು ಜಾಸ್ತಿ ಇದೆ ಮೇಡಂ. ನಾಲ್ಕು ಕಿಲೋಗೆ ಕಟ್ಟಬೇಕು" ಅಂದಳು ಕೌಂಟರಿನ ಹುಡುಗಿ.

"ನಿಮ್ಮ ಮಿಷನ್ನು ಕೆಟ್ಟಿದೆ" ಅಂದೆ ನಾನು, ಶಾಂತವಾಗಿ. ನೋಟ್‌ಬುಕ್ಕು ತೆಗೆದು ಹನ್ನೊಂದು ತೂಕಗಳನ್ನೂ ತಾರೀಖು, ಗಂಟೆ ಸಮೇತ ಓದಿದೆ. ಅವಳು ಪಾಪ, ಪಕ್ಕದ ಮಿಷನ್ನಿಗೆ ಹಾಕಿಸಿದಳು. ಅಷ್ಟೇ ತೂಕ. ಅದರ ಪಕ್ಕದ್ದಕ್ಕೂ ಹಾಕಿಸಿದಳು. ಅಷ್ಟೇ. "ಮೂರೂ ಒಂದೇ ತರ ಕೆಟ್ಟಿವೆ" ಅಂದೆ. ನಾನು ಹೀಗಂದದ್ದನ್ನು ಇವತ್ತಿಗೂ ನಂಬಲಾಗುತ್ತಿಲ್ಲ, ಆದರೆ ಬರೆದಿಟ್ಟಿದ್ದೇನೆ.

ಅಷ್ಟರಲ್ಲಿ ಅಮ್ಮ ಮಾತಿಗಿಳಿದಿದ್ದಳು. "ಯಾವೂರಮ್ಮಾ ನಿಂದು?"

"ಮಾಲೂರು, ಆಂಟಿ."

"ಮಾಲೂರಾ! ಹಂಗಾದ್ರೆ ನಮ್ಮ ಹುಡುಗೀನೇ ನೀನು. ನೋಡಮ್ಮಾ, ನಾವು ಟನ್ನುಗಟ್ಟಲೆ ಕಾಯಿ ಹಾಕ್ತೀವಿ ಮಂಡಿಗೆ. ಡ್ಯಾಮೇಜು ಅಂತ ನಾವು ಒಂದಿಷ್ಟು ಬಿಡ್ತೀವಿ, ಅವರೂ ಒಂದಿಷ್ಟು ಬಿಡ್ತಾರೆ. ನೀನು ಮೂವತ್ತಕ್ಕೆ ಮೂರು ಬಿಡಬಾರದಾ?"

"ನಾನು ಮಾಲೂರು ಆಂಟಿ, ಮಿಷನ್ನು ಮಾಲೂರಲ್ಲ" ಅಂದಳು ಹುಡುಗಿ. ನಗು ತಡೆದುಕೊಂಡು ಬ್ಯಾಗಿನೊಳಗೆ ಇಣುಕಿದಳು. "ಈ ಕಲ್ಲು ಯಾಕೆ? ತೆಗೆದುಬಿಡಿ. ಕಲ್ಲು ಅಲ್ಲೂ ಸಿಗುತ್ತೆ."

"ಕಲ್ಲು ಸಿಗುತ್ತೆ. ಗುಂಡಿ ಸಿಗುತ್ತಾ?" ಅಂದಳು ಅಮ್ಮ. ಹುಡುಗಿಗೆ ಅರ್ಥವಾಗಲಿಲ್ಲ. ಅಮ್ಮ ಬ್ಯಾಗಿನೊಳಗೆ ಕೈ ಹಾಕಿ ಕಲ್ಲಿನ ಗುಂಡಿಯನ್ನು ಒಮ್ಮೆ ಸವರಿದಳು. ಅವಳ ದನಿ ಇಳಿಯಿತು. "ಮಗಳನ್ನ ಮನೆಗೆ ಕರ್ಕೊಂಡು ಹೋಗಿ ಬಾಣಂತನ ಮಾಡೋ ಯೋಗ ಇಲ್ಲ ನಂಗೆ. ಇದಾದ್ರೂ ಹೋಗ್ಲಿ." ಕೈಚೀಲದಲ್ಲಿ ಇಟ್ಟುಕೊಳ್ಳಬಹುದೇ ಎಂದು ಕೇಳಿದೆ. ಕಲ್ಲನ್ನು ಒಳಗೆ ಬಿಡುವುದು ಅನುಮಾನ ಎಂದಳು ಹುಡುಗಿ. ನಾನು ನೋಟ್‌ಬುಕ್ಕು ಮುಚ್ಚಿದೆ. ತೂಕದ ಜವಾಬ್ದಾರಿ ನಂದು ಎಂದವಳು ನಾನೇ.

ಆಗ ಅಮ್ಮ ಸರಕ್ಕನೆ ನನ್ನ ಕಡೆ ತಿರುಗಿದಳು. "ಲೇ ಭಾರತೀ. ಬ್ಯಾಗು ತೂಗೋವಾಗ ಕ್ರೇಟಲ್ಲಿಟ್ಟು ತೂಗಿದ್ಯಾ, ಬರೀ ಬ್ಯಾಗು ತೂಗಿದ್ಯಾ?"

"ಬರೀ ಬ್ಯಾಗೇ. ಯಾಕೆ?"

"ಕ್ರೇಟು ಕಳೆಯೋ ಗುಂಡಿ?"

ನಾನು ಮತ್ತೆ ನೋಟ್‌ಬುಕ್ಕು ತೆರೆದು ಮಿಷನ್ನಿನ ತೂಕದಿಂದ ನನ್ನ ಕಾಟಾದ ತೂಕ ಕಳೆದು ನೋಡಿದೆ. ಮುಚ್ಚಿದೆ. ಪ್ರತಿ ಬ್ಯಾಗಿಗೆ ಸರಿಯಾಗಿ ಒಂದು ಕಿಲೋ ಎಂಟುನೂರು. ಇಲ್ಲದ ಕ್ರೇಟನ್ನು ನನ್ನ ಕಾಟಾ ಹನ್ನೊಂದು ಸಲವೂ ಶ್ರದ್ಧೆಯಿಂದ ಕಳೆದಿತ್ತು. ಖಾಲಿ ಇರುವಾಗ ಅದರ ಮೇಲೆ ಮೈನಸ್ ಒಂದು ಎಂಟುನೂರು ಎಂದು ಕೆಂಪಗೆ ಉರಿಯುತ್ತಲೇ ಇರುತ್ತದೆ. ಮೂರು ವರ್ಷ ದಿನವಿಡೀ ಅದರ ಮುಂದೆ ಕೂತು ಕೂತು ನಾನು ಅದನ್ನು ನೋಡುವುದನ್ನೇ ಬಿಟ್ಟಿದ್ದೆ.

"ಕಲ್ಲಿಗೆ ಮೈನಸ್ ಬಂದಾಗ್ಲೇ ಅಂದ್ಕೊಂಡೆ" ಅಂದಳು ಅಮ್ಮ. "ಓದಿದವಳು, ಬರ್ಕೋತಿದ್ದಾಳೆ, ನಾನ್ಯಾಕೆ ಮಾತಾಡ್ಲಿ ಅಂತ ಸುಮ್ಮನಾದೆ." ಕೌಂಟರಿನ ಹುಡುಗಿ ಕಂಪ್ಯೂಟರಿನ ಹಿಂದೆ ತಲೆ ತಗ್ಗಿಸಿದಳು. ಭುಜ ಕುಲುಕುತ್ತಿತ್ತು.

ಮುಂದಿನ ಇಪ್ಪತ್ತಾರು ನಿಮಿಷ ಅಮ್ಮನ ಆಡಳಿತ. ನನ್ನ ಬ್ಯಾಗನ್ನು ನೆಲದ ಮೇಲೆ ಬಿಚ್ಚಿದಳು. ತಳದಲ್ಲಿ ಟವೆಲ್ಲಿನಲ್ಲಿ ಸುತ್ತಿದ ಗಂಟೊಂದು ಸಿಕ್ಕಿತು. ಬಿಚ್ಚಿದರೆ ನನ್ನ ಐದು ವರ್ಷದ ನೋಟ್‌ಬುಕ್ಕುಗಳು. ಅವನ್ನು ಮನೆಯಲ್ಲಿ ಬಿಟ್ಟುಬಂದರೆ ಯಾರಾದರೂ ಓದಿಯಾರು ಎಂಬ ಭಯ ನನಗೆ. ಪಟ್ಟಿಯಲ್ಲಿ 'ಇತರೆ' ಎಂದು ಬರೆದಿದ್ದೆ. ಮಿಷನ್ನಿಗಿಟ್ಟರೆ ಎರಡು ಕಿಲೋ ನೂರು ಗ್ರಾಂ. "ನಾರಾಯಣಮ್ಮನ ಕೊಬ್ರಿ ಪೊಟ್ಟಣ ಕಿತ್ತಾಕ್ದೆ, ಅರ್ಧ ಕಿಲೋ ಅಂತ! ಇದೇನೇ ಇದು? ಇದನ್ನ ಬಾಣಂತಿಗೆ ತಿನ್ನಿಸ್ತೀಯಾ?" ಅಂದಳು. ನೋಟ್‌ಬುಕ್ಕುಗಳು ಕೈಚೀಲಕ್ಕೆ ಹೋಗಬೇಕೆಂದರೆ ಅಲ್ಲಿ ಜಾಗವಾಗಬೇಕು. ಅಲ್ಲಿದ್ದದ್ದು ಕೂಸಿಗೆ ಹಾಸಲು ತಂದಿದ್ದ ಹಳೆಯ ಹತ್ತಿ ಸೀರೆಗಳು. ಮೈಮೇಲಿನ ಬಟ್ಟೆ ತೂಗುವುದಿಲ್ಲ ಎಂದು ಪ್ಯಾಂಟಿನವನನ್ನು ನೋಡಿ ಅಮ್ಮ ಆಗಲೇ ಕಲಿತಿದ್ದಳು. ಐದು ಸೀರೆಗಳನ್ನು ನನ್ನ ಹೆಗಲಿಗೆ, ಸೊಂಟಕ್ಕೆ, ಕುತ್ತಿಗೆಗೆ ಸುತ್ತಿದಳು. ಇನ್ನೂ ಒಂದು ಕಿಲೋ ಇನ್ನೂರು ಉಳಿದಿತ್ತು. ಅಮ್ಮ ಅಲ್ಲೇ ಬೆಂಚಿನ ಮೇಲೆ ಕೂತು ಐದು ಬಾದಾಮಿ ತೆಗೆದಳು. "ಹೊಟ್ಟೆಲಿದ್ರೆ ದುಡ್ಡಿಲ್ಲ ತಾನೇ? ತಿನ್ನು." ಅವಳು ಎರಡು, ನಾನು ಮೂರು. ಸೀರೆಗಳ ಮಧ್ಯೆ ಕೈ ತೂರಿಸಿ, ಮೊಣಕೈವರೆಗೆ ರಸ ಸುರಿಸಿಕೊಂಡು ತಿಂದೆ. ಪ್ಯಾಂಟಿನವನೂ ನಮ್ಮನ್ನು ನೋಡಿ ಮರುಕಪಟ್ಟ. ವಾಟೆಗಳನ್ನು ನಾಗಪುರದಲ್ಲಿ ನೆಡಲು ಅಮ್ಮ ಮತ್ತೆ ಬ್ಯಾಗಿಗೆ ಹಾಕಲು ಹೋದಳು. ಕೈಮುಗಿದು ತಡೆದೆ.

ಶುಂಠಿ ಪುಡಿಯನ್ನು ಆ ಬ್ಯಾಗಿನಿಂದ ಈ ಬ್ಯಾಗಿಗೆ ಹಾಕಿ ಕೊನೆಗೆ ತೂಗಿದಾಗ, ಎರಡೂ ಸೇರಿ ಇಪ್ಪತ್ತೊಂಬತ್ತು ಕಿಲೋ ಒಂಬೈನೂರ ಐವತ್ತು. ಮಾಲೂರಿನ ಹುಡುಗಿ ಚಪ್ಪಾಳೆ ತಟ್ಟಿಯೇಬಿಟ್ಟಳು. ಕಲ್ಲು ಬೆಲ್ಟಿನ ಮೇಲೆ ತೇಲಿಕೊಂಡು ಒಳಗೆ ಹೋಯಿತು. ನಾನು ಮೇ ತಿಂಗಳ ನಾಗಪುರದಲ್ಲಿ ಬಟ್ಟೆ ಅಂಗಡಿಯ ಗೊಂಬೆಯಂತೆ ಇಳಿದೆ.

ಅಕ್ಕ ಬ್ಯಾಗು ತೆರೆದವಳು ಮೊದಲು ಮಾವಿನಹಣ್ಣು ಮುಟ್ಟಲಿಲ್ಲ. ಕಲ್ಲನ್ನು ಮಡಿಲಲ್ಲಿಟ್ಟುಕೊಂಡು ಗುಂಡಿಯಲ್ಲಿ ಹೆಬ್ಬೆರಳಿಟ್ಟು ತೇಯುವಂತೆ ಸವರುತ್ತಾ ಕೂತಳು. ಎಷ್ಟು ಹೊತ್ತು ಎಂದು ನಾನು ಬರೆದುಕೊಳ್ಳಲಿಲ್ಲ. ಮೇ ೧೭ರ ಮಧ್ಯಾಹ್ನ ಹೆಣ್ಣು ಮಗು ಹುಟ್ಟಿತು. ಹಾಲು ಬಿಟ್ಟು ಬೇರೇನೂ ಬಾಯಿಗೆ ಹಾಕಬೇಡಿ ಎಂದರು ಡಾಕ್ಟರು. ಅಮ್ಮ ಸೋಲಲಿಲ್ಲ, ಗಂಧ ತೇಯ್ದು ಬಾಣಂತಿಯ ಹಣೆಗೆ ಹಚ್ಚಿದಳು. ನರ್ಸು ಮಗುವನ್ನು ತೂಗಿ "ಎರಡು ಕಿಲೋ ಒಂಬೈನೂರು" ಅಂದರು. "ಟವೆಲ್ಲಿನ ತೂಕ ಕಳೆದ್ರಾ, ಕಳೆದಿಲ್ವಾ?" ಎಂದು ನಾನು ಮುರುಕು ಹಿಂದಿಯಲ್ಲಿ ಕೇಳಿದೆ. ಆಮೇಲೆ ನನ್ನನ್ನು ವಾರ್ಡಿನೊಳಗೆ ಬಿಡಲಿಲ್ಲ.

ಅಮ್ಮ ಅಲ್ಲೇ ಮೂರು ತಿಂಗಳಿಗೆ ಉಳಿದಳು. ವಾಪಸ್ಸು ಬರುವಾಗ ನನ್ನ ಬ್ಯಾಗು ನಾಲ್ಕೇ ಕಿಲೋ. ಉಳಿದ ಹನ್ನೊಂದು ಕಿಲೋಗೆ ದುಡ್ಡು ವಾಪಸ್ಸು ಕೊಡುತ್ತೀರಾ ಎಂದು ಕೇಳಿದೆ. ಇಲ್ಲವಂತೆ.

ಈಗ ನನ್ನ ನಿಜವಾದ ಕಷ್ಟ ಹೇಳುತ್ತೇನೆ. ನಮ್ಮ ಯಜಮಾನರು ಪ್ರತಿ ಸೋಮವಾರ ಚಪ್ಪಲಿ ಬಿಟ್ಟು ನನ್ನ ಕಾಟಾ ಹತ್ತಿ ತೂಕ ನೋಡಿಕೊಳ್ಳುತ್ತಾರೆ. ಈ ಕಾಟಾ ತರಿಸಿದ ಮೇಲೆ ಹೆಚ್ಚುಕಡಿಮೆ ಎರಡು ಕಿಲೋ ಇಳಿದಿದ್ದೇನೆ ಎಂದು ಊರಿಗೆಲ್ಲ ಹೇಳಿದ್ದಾರೆ, ಆ ಖುಷಿಯಲ್ಲಿ ದಿನಾ ಸಂಜೆ ಒಂದು ಬೋಂಡಾ ಹೆಚ್ಚಿಗೆ ತಿನ್ನುತ್ತಾರೆ. ಅವರಿಗೆ ಹೇಳಲು ನನಗೆ ಧೈರ್ಯವಿಲ್ಲ. ಅವರದಿರಲಿ. ಮೂರು ವರ್ಷದಿಂದ ಪ್ರತಿ ತಿಂಗಳು ಒಂದನೇ ತಾರೀಖು ನನ್ನ ತೂಕವನ್ನೂ ಅದೇ ಕಾಟಾದಲ್ಲಿ ನೋಡಿ, ಬರೆದು, ಹೆಮ್ಮೆಪಟ್ಟು, ಕೆಳಗೆ ಎರಡು ಗೆರೆ ಎಳೆದಿದ್ದೇನೆ. ಆ ಪುಟಗಳನ್ನೆಲ್ಲ, ಒಂದೊಂದಕ್ಕೂ ಒಂದು ಕಿಲೋ ಎಂಟುನೂರು ಸೇರಿಸಿ, ತಿದ್ದಬೇಕಾಗಿದೆ. ತಿದ್ದುವ ಮೊದಲು ಒಂದು ಕೋರಿಕೆ. ಖಾಲಿ ಕ್ರೇಟಿನ ತೂಕದ ಬಗ್ಗೆ ನನಗಿಂತ ಹೆಚ್ಚು ತಿಳಿದವರು ದಯವಿಟ್ಟು ಮಂಡಿಯ ವಿಳಾಸಕ್ಕೆ ಒಂದು ಸಾಲು ಬರೆಯಿರಿ. ಅದು ಒಂದು ಕಿಲೋ ಎಂಟುನೂರಲ್ಲ, ಬರೀ ನೂರು ಗ್ರಾಂ ಎನ್ನುವವರು ಇವತ್ತೇ ಬರೆಯಿರಿ.